ಕಾರ್ಡಿನ ಮೇಲಿರುವ ನಂಬರ್ ಯಾವುದು?

ಒಂದು ವಿಸಿಟಿಂಗ್ ಕಾರ್ಡ್ ಓದುವುದರಿಂದ ಶುರು ಮಾಡುತ್ತೇನೆ. ಹೆಸರು, ವಿಳಾಸ ಬಿಟ್ಟು ಉಳಿದದ್ದನ್ನು ಇದ್ದ ಹಾಗೇ ಓದುತ್ತೇನೆ, ಕೇಳಿ. ಹೆಸರಿನ ಮುಂದೆ 'ಡಾ.' ಇದೆ. ಅದರ ಕೆಳಗೆ 'ಲೈಸೆನ್ಸ್ಡ್ ಕೌನ್ಸೆಲರ್ ಮತ್ತು ಮೈಂಡ್ ಕೋಚ್'. ಅದರ ಕೆಳಗೆ 'ಸರ್ಕಾರದಿಂದ ನೋಂದಾಯಿತ', ಪಕ್ಕದಲ್ಲಿ ಒಂದು ಉದ್ದನೆಯ ನಂಬರ್. ಮೂಲೆಯಲ್ಲಿ 'ಐಎಸ್ಒ 9001'. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, 'ಖಿನ್ನತೆ, ಆತಂಕ, ಕುಡಿತ, ದಾಂಪತ್ಯದ ಸಮಸ್ಯೆ, ಮಕ್ಕಳ ಓದು: 100% ಪರಿಹಾರ'.

ಈ ಕಾರ್ಡನ್ನು ನನ್ನ ಕೈಗೆ ಕೊಟ್ಟವರು ಒಬ್ಬ ಅಣ್ಣ. ಅವರ ತಂಗಿ ನಮ್ಮ ವಾರ್ಡಿನಲ್ಲಿ ಮಲಗಿದ್ದರು. ನಾನು ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಸಾಮಾಜಿಕ ಕಾರ್ಯಕರ್ತೆಯಾಗಿ ಕೆಲಸ ಮಾಡುವವಳು. ಮನೆಯವರ ಹತ್ತಿರ ಕೂತು ಏನೇನಾಯಿತು ಅಂತ ಬರೆದುಕೊಳ್ಳುವುದು ನನ್ನ ಕೆಲಸದ ದೊಡ್ಡ ಭಾಗ. ಆ ಹುಡುಗಿ ವೈದ್ಯರು ಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಮಾತ್ರೆಯ ಜೊತೆಗೆ ಯಾರ ಹತ್ತಿರವಾದರೂ ಮಾತಾಡಿದರೆ ಒಳ್ಳೆಯದು ಅಂತ ಮನೆಯವರು ಈ ಕಾರ್ಡಿನವರ ಹತ್ತಿರ ಹೋದರು. 12 ಸಲದ ದುಡ್ಡು ಮುಂಗಡ ಕಟ್ಟಿಸಿಕೊಂಡರು. ನಾಲ್ಕನೇ ಸಲ ಹೋದಾಗ, 'ಮಾತ್ರೆ ನಿಲ್ಲಿಸು, ಅದು ನಿನ್ನ ಮನಸ್ಸಿನ ಶಕ್ತಿ ಕುಂದಿಸ್ತಿದೆ' ಅಂದರು. ನಿಲ್ಲಿಸಿದಳು. ಸ್ವಲ್ಪ ದಿನಕ್ಕೆ ವಾರ್ಡಿಗೆ ಬಂದಳು.

ಆ ಅಣ್ಣ ನನಗೆ ಹೇಳಿದ ಮಾತು ಇದು: 'ಮೇಡಂ, ಸರ್ಕಾರಿ ನಂಬರ್ ಇದೆಯಲ್ಲ. ನಾವು ನೋಡಿಕೊಂಡೇ ಹೋದದ್ದು.'

ನಾನು ಆ ನಂಬರ್ ನೋಡಿದೆ. ಅದು ಉದ್ಯಮ್ ನೋಂದಣಿಯ ನಂಬರ್. ಸಣ್ಣ ವ್ಯಾಪಾರ ಶುರು ಮಾಡುವ ಯಾರು ಬೇಕಾದರೂ ತಮ್ಮ ವಿವರ ತಾವೇ ಬರೆದು, ಒಂದು ಪೈಸೆ ಖರ್ಚಿಲ್ಲದೆ ಆನ್‌ಲೈನಿನಲ್ಲಿ ಪಡೆಯುವಂಥದ್ದು. ಅದರಲ್ಲಿ ಮೋಸವಿಲ್ಲ. ನಂಬರೂ ನಿಜ, ಸರ್ಕಾರವೂ ನಿಜ. ಆದರೆ 'ಇಲ್ಲೊಂದು ವ್ಯವಹಾರ ನಡೆಯುತ್ತಿದೆ' ಅನ್ನುವುದನ್ನು ಬಿಟ್ಟು ಆ ನಂಬರ್ ಬೇರೆ ಏನನ್ನೂ ಹೇಳುವುದಿಲ್ಲ. ಐಎಸ್ಒ 9001 ಕೂಡ ಹಾಗೇ. ಒಂದು ಸಂಸ್ಥೆ ತನ್ನ ಕೆಲಸವನ್ನು ಕ್ರಮವಾಗಿ ನಡೆಸುತ್ತದೆಯೇ ಅನ್ನುವುದರ ಮಾನದಂಡ ಅದು. ಒಳಗೆ ಕೂತವರಿಗೆ ಮನಸ್ಸಿನ ಬಗ್ಗೆ ಗೊತ್ತಿದೆಯೇ ಅಂತ ಅದು ನೋಡುವುದೇ ಇಲ್ಲ. 'ಡಾ.' ಅನ್ನುವುದು ವೈದ್ಯ ಪದವಿ ಇರಬಹುದು, ಯಾವುದೋ ವಿಷಯದ ಪಿಎಚ್‌ಡಿ ಇರಬಹುದು, ಸನ್ಮಾನ ಮಾಡಿ ಕೊಟ್ಟ ಗೌರವ ಡಾಕ್ಟರೇಟ್ ಇರಬಹುದು. ಇಲ್ಲಿದ್ದದ್ದು ಮೂರನೆಯದು.

ಇನ್ನು 'ಲೈಸೆನ್ಸ್ಡ್ ಕೌನ್ಸೆಲರ್'. ಈ ಪದದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು.

ಈ ಪದ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ಪ್ರತಿ ರಾಜ್ಯಕ್ಕೂ ಒಂದು ಲೈಸೆನ್ಸ್ ಮಂಡಳಿ ಇದೆ. ಕೌನ್ಸೆಲರ್‌ಗಳಿಗೆ ಲೈಸೆನ್ಸ್ ಕೊಡುವ ಕಾನೂನು ಮೊದಲು ಬಂದದ್ದು ವರ್ಜೀನಿಯಾದಲ್ಲಿ, 1976ರಲ್ಲಿ. ಕೊನೆಯಲ್ಲಿ ಬಂದದ್ದು ಕ್ಯಾಲಿಫೋರ್ನಿಯಾ, 2009ರಲ್ಲಿ. ಈ ಲೈಸೆನ್ಸ್ ಪಡೆದವರಿಗೆ ಒಂದು ರಾಜ್ಯದಲ್ಲಿ ಎಲ್‌ಎಂಎಚ್‌ಸಿ ಅನ್ನುತ್ತಾರೆ, ಇನ್ನೊಂದರಲ್ಲಿ ಎಲ್‌ಪಿಸಿ ಅನ್ನುತ್ತಾರೆ. ಹೆಸರು ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಅಂತ ಆಯಾ ಮಂಡಳಿಯ ವೆಬ್‌ಸೈಟಿನಲ್ಲೇ ನೋಡಬಹುದು. ಸ್ನಾತಕೋತ್ತರ ಪದವಿ, ಅದಾದ ಮೇಲೆ ಹಿರಿಯರ ಕೈಕೆಳಗೆ ಸಾವಿರಾರು ಗಂಟೆಗಳ ಕೆಲಸ, ಪರೀಕ್ಷೆ. ಇಷ್ಟೆಲ್ಲ ಆದ ಮೇಲೆ ಸಿಗುವುದು 'ಲೈಸೆನ್ಸ್ಡ್' ಅನ್ನುವ ಆ 'ಎಲ್' ಅಕ್ಷರ. ಇಂಗ್ಲೆಂಡಿನಲ್ಲಿ ಹೀಗಿಲ್ಲ. ಅಲ್ಲಿ 'ಕೌನ್ಸೆಲರ್' ಅನ್ನುವ ಪದಕ್ಕೆ ಕಾನೂನಿನ ರಕ್ಷಣೆಯೇ ಇಲ್ಲ, ಆದರೆ 'ಕ್ಲಿನಿಕಲ್ ಸೈಕಾಲಜಿಸ್ಟ್' ಅನ್ನುವುದಕ್ಕೆ ಇದೆ. ಈಗ ಆನ್‌ಲೈನಿನಲ್ಲಿ ಎಲ್ಲೆಲ್ಲಿಯವರ ಜೊತೆಗೋ ಮಾತಾಡುವ ಕಾಲ. ಹೊರದೇಶದ ಲೈಸೆನ್ಸ್ ಇದೆ ಅಂದರೆ, ಯಾವ ದೇಶ, ಯಾವ ರಾಜ್ಯ, ನಂಬರ್ ಎಷ್ಟು ಅಂತ ಕೇಳಿ. ಸುಮ್ನೆ 'ಇಂಟರ್‌ನ್ಯಾಷನಲ್' ಅಂದರೆ ಅದಕ್ಕೆ ಅರ್ಥವಿಲ್ಲ.

ನಮ್ಮ ದೇಶದಲ್ಲಿ ಹೇಗೆ? ಇಲ್ಲಿ ಒಂದೇ ಪುಸ್ತಕದಲ್ಲಿ ಎಲ್ಲರ ಹೆಸರೂ ಇರುವುದಿಲ್ಲ. ಯಾರ ಹೆಸರು ಎಲ್ಲಿರಬೇಕು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಮನೋವೈದ್ಯರು. ಎಂಬಿಬಿಎಸ್ ಮಾಡಿ, ಆಮೇಲೆ ಸೈಕಿಯಾಟ್ರಿಯಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ಔಷಧ ಬರೆಯುವ ಅಧಿಕಾರ ಇರುವುದು ಇವರಿಗೆ. ಇವರ ಹೆಸರು ರಾಜ್ಯದ ವೈದ್ಯಕೀಯ ಪರಿಷತ್ತಿನಲ್ಲಿ ಇರುತ್ತದೆ, ನಮ್ಮಲ್ಲಾದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್. ನ್ಯಾಷನಲ್ ಮೆಡಿಕಲ್ ಕಮಿಷನ್ನಿನ ವೆಬ್‌ಸೈಟಿನಲ್ಲೂ ಹುಡುಕಬಹುದು. ಇವರ ವಿಷಯ ಸುಲಭ. ಮುಂದೆ ಹೋಗೋಣ.

ಎರಡನೆಯವರು ಕ್ಲಿನಿಕಲ್ ಸೈಕಾಲಜಿಸ್ಟ್. ಇವರು ವೈದ್ಯರಲ್ಲ, ಮಾತ್ರೆ ಬರೆಯುವುದಿಲ್ಲ. ಮನಶ್ಶಾಸ್ತ್ರದಲ್ಲಿ ಎಂಎ ಅಥವಾ ಎಂಎಸ್ಸಿ ಆದಮೇಲೆ, ರೋಗಿಗಳ ಜೊತೆಗೆ ಕೆಲಸ ಮಾಡುವ ತರಬೇತಿ ಪಡೆದವರು. ಬಹಳ ವರ್ಷ ಈ ತರಬೇತಿ ಅಂದರೆ ಎರಡು ವರ್ಷದ ಎಂಫಿಲ್ ಆಗಿತ್ತು. ಇವರ ಹೆಸರು ಇರಬೇಕಾದದ್ದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ. ಎಲ್ಲರೂ ಕರೆಯುವುದು ಆರ್‌ಸಿಐ ಅಂತ. 1992ರಲ್ಲಿ ಇದಕ್ಕೆ ಅಂತಲೇ ಒಂದು ಕಾಯ್ದೆ ಬಂತು. ನೋಂದಣಿ ಇಲ್ಲದೆ ಈ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಅಂತ ಅದರ 13ನೇ ಸೆಕ್ಷನ್ ಹೇಳುತ್ತದೆ. 1000 ರೂಪಾಯಿ! ಒಂದು ಮನೆಯನ್ನೇ ಅಲ್ಲಾಡಿಸಬಲ್ಲ ತಪ್ಪಿಗೆ ಆ ದಂಡ ಏನೇನೂ ಅಲ್ಲ ಅಂತ ನನ್ನ ಅನಿಸಿಕೆ. ಆದರೂ ಕಾನೂನು ಇದೆ ಅನ್ನುವುದು ಗೊತ್ತಿರಲಿ.

ಆರ್‌ಸಿಐ ಕೊಡುವ ನಂಬರಿಗೆ ಸಿಆರ್‌ಆರ್ ನಂಬರ್ ಅನ್ನುತ್ತಾರೆ, ಅಂದರೆ ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದ ನಂಬರ್. ಪರಿಷತ್ತಿನ ವೆಬ್‌ಸೈಟಿನಲ್ಲಿ ಹುಡುಕಿ ನೋಡಬಹುದು. ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ, ದಯವಿಟ್ಟು ಗಮನ ಕೊಡಿ. ಆರ್‌ಸಿಐನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮಾತ್ರ ಇರುವುದಲ್ಲ. ವಿಶೇಷ ಶಿಕ್ಷಕರು, ವಾಕ್ ಮತ್ತು ಶ್ರವಣ ತಜ್ಞರು, ಕೃತಕ ಕೈಕಾಲು ತಯಾರಿಸುವವರು, ಎಲ್ಲರ ನೋಂದಣಿಯೂ ಅಲ್ಲೇ. ಅಂದರೆ ಒಬ್ಬರ ಸಿಆರ್‌ಆರ್ ನಂಬರ್ ನೂರಕ್ಕೆ ನೂರು ನಿಜ ಇರಬಹುದು, ಆದರೆ ಅದು ವಿಶೇಷ ಶಿಕ್ಷಣದ್ದಾಗಿರಬಹುದು. ಮಾತು ಕಲಿಯದ ಮಗುವಿಗೆ ಕಲಿಸುವುದರಲ್ಲಿ ಅವರು ದೊಡ್ಡ ಪರಿಣತರೇ ಇರಬಹುದು. ನಿಮ್ಮ ಮನೆಯವರ ತೀವ್ರ ಖಿನ್ನತೆಗೆ ಅವರು ಸರಿಯಾದವರು ಅಂತ ಆ ನಂಬರ್ ಹೇಳುವುದಿಲ್ಲ. ಅದಕ್ಕೆ ನಂಬರ್ ಸಿಕ್ಕಿದ ತಕ್ಷಣ ನಿಲ್ಲಿಸಬೇಡಿ. ಹೆಸರು ಅವರದ್ದೇನಾ, ವೃತ್ತಿಯ ಜಾಗದಲ್ಲಿ ಏನು ಬರೆದಿದೆ, ನೋಂದಣಿ ಇನ್ನೂ ಚಾಲ್ತಿಯಲ್ಲಿದೆಯಾ, ಈ ಮೂರನ್ನೂ ಓದಿ. ನೋಂದಣಿಯನ್ನು ಆಗಾಗ ನವೀಕರಿಸಬೇಕು. ಹಳೆಯ ಪ್ರಮಾಣಪತ್ರ ಗೋಡೆಯ ಮೇಲೆ ಹಾಗೇ ತೂಗುತ್ತಿರುತ್ತದೆ.

ಮನೋವೈದ್ಯಕೀಯ ಸಾಮಾಜಿಕ ಕಾರ್ಯಕರ್ತರು, ಮಾನಸಿಕ ಆರೋಗ್ಯದ ನರ್ಸ್‌ಗಳು ಕೂಡ ಈ ಕೆಲಸದಲ್ಲಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಇವರ ನೋಂದಣಿ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಆಗಬೇಕು.

ಇನ್ನು ಉಳಿದವರು ಆಪ್ತಸಮಾಲೋಚಕರು, ಅಂದರೆ ಕೌನ್ಸೆಲರ್‌ಗಳು. ನಿಮ್ಮಲ್ಲಿ ಹೆಚ್ಚಿನವರು ಹುಡುಕುವುದು ಇವರನ್ನೇ ಅಲ್ವಾ? ತೊಡಕು ಇರುವುದೂ ಇಲ್ಲೇ. ವೈದ್ಯರಿಗಿರುವಂಥ, ದೇಶಕ್ಕೆಲ್ಲ ಒಂದೇ ಆದ, ಹೆಸರು ಹಾಕಿ ಹುಡುಕಬಹುದಾದ ಪಟ್ಟಿಯ ಮೇಲೆ ಇವರ ವೃತ್ತಿ ಬೆಳೆದು ಬಂದಿಲ್ಲ. 2021ರಲ್ಲಿ ಆರೋಗ್ಯ ಸಂಬಂಧಿ ವೃತ್ತಿಗಳಿಗೆ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಕ್ಲಿನಿಕಲ್ ಅಲ್ಲದ ಸೈಕಾಲಜಿಸ್ಟ್‌ಗಳು, ಹಲವು ಬಗೆಯ ಕೌನ್ಸೆಲರ್‌ಗಳು ಆ ಕಾಯ್ದೆಯ ಪಟ್ಟಿಯಲ್ಲಿದ್ದಾರೆ. ರಾಜ್ಯಗಳಲ್ಲಿ ಪರಿಷತ್ತುಗಳಾಗಿ, ನೋಂದಣಿ ನಡೆದು, ಆ ಪಟ್ಟಿ ನಮ್ಮ ಕೈಗೆ ಸಿಗುವಂತಾಗಬೇಕು. ಅದು ಬೇಗ ಆಗಲಿ ಅಂತ ನಾನು ಮನಸಾರೆ ಕಾಯುತ್ತಿದ್ದೇನೆ. ಅಲ್ಲಿಯವರೆಗೆ, ಯಾರಾದರೂ ತಮ್ಮನ್ನು 'ಲೈಸೆನ್ಸ್ಡ್ ಕೌನ್ಸೆಲರ್' ಅಂತ ಕರೆದುಕೊಂಡರೆ ನೀವು ಕೇಳಬೇಕಾದದ್ದು ಒಂದೇ ಮಾತು: 'ಯಾರು ಕೊಟ್ಟ ಲೈಸೆನ್ಸ್?'

ತಪ್ಪು ತಿಳಿಯಬೇಡಿ. ಆರ್‌ಸಿಐ ನಂಬರ್ ಇಲ್ಲದ ಬಹಳ ಒಳ್ಳೆಯ ಆಪ್ತಸಮಾಲೋಚಕರು ಇದ್ದಾರೆ. ನನ್ನ ಜೊತೆಗೇ ಕೆಲಸ ಮಾಡಿದ್ದಾರೆ. ಅವರು ಎಂದೂ ತಮ್ಮನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳುವುದಿಲ್ಲ. 'ನಾನು ಕೌನ್ಸೆಲಿಂಗ್ ಸೈಕಾಲಜಿಯಲ್ಲಿ ಎಂಎಸ್ಸಿ ಮಾಡಿದ್ದೇನೆ, ಇಂಥ ಕಡೆ ಇಷ್ಟು ವರ್ಷ ಕೆಲಸ ಮಾಡಿದ್ದೇನೆ, ಇಂಥದ್ದು ಬಂದರೆ ನಾನು ನೋಡುವುದಿಲ್ಲ, ವೈದ್ಯರ ಹತ್ತಿರ ಕಳಿಸುತ್ತೇನೆ' ಅಂತ ಬಿಡಿಸಿ ಹೇಳುತ್ತಾರೆ. ತನ್ನ ಎಲ್ಲೆ ಎಲ್ಲಿದೆ ಅಂತ ಹೇಳುವವರನ್ನು ಕಂಡರೆ ನನಗೆ ಅರ್ಧ ಧೈರ್ಯ ಬರುತ್ತದೆ.

ವಿಷಯ ಬಿಟ್ಟು ಒಂದು ಮಾತು. 'ಆಪ್ತಸಮಾಲೋಚನೆ' ಅನ್ನುವ ಪದ ನನಗೆ ತುಂಬಾ ಇಷ್ಟ. 'ಆಪ್ತ' ಅಂದಾಗಲೇ ಎದೆ ಸ್ವಲ್ಪ ಹಗುರಾಗುತ್ತದೆ. ಆದರೆ ಅದೇ ಪದ ನಮ್ಮನ್ನು ತಪ್ಪು ದಾರಿಗೂ ಎಳೆಯುತ್ತದೆ. ಆಪ್ತರು ಅಂದಮೇಲೆ ಸರ್ಟಿಫಿಕೇಟ್ ಕೇಳುವುದು ಹೇಗೆ? ಬಂಧುಗಳಿಗೆ ಯಾರಾದರೂ ಪ್ರಮಾಣಪತ್ರ ಕೇಳುತ್ತಾರಾ? ನಿಜ ಏನಂದರೆ, ಇವರು ನಿಮ್ಮ ಬಂಧುವಲ್ಲ, ಆಗಲೂಬಾರದು. ನಿಮ್ಮ ಮನೆಯ ಮದುವೆಗೆ ಬಂದು ಊಟ ಮಾಡಿ ಹೋಗುವವರ ಹತ್ತಿರ ನೀವು ಎಲ್ಲವನ್ನೂ ಹೇಳಲಾರಿರಿ. ಅವರು ಹೊರಗಿನವರಾಗಿ ಇರುವುದರಿಂದಲೇ ನೀವು ಬಾಯಿಬಿಟ್ಟು ಮಾತಾಡುವುದು. ಹೊರಗಿನವರು ಅಂದಮೇಲೆ ಕೇಳುವುದರಲ್ಲಿ ಸಂಕೋಚ ಯಾಕೆ?

ಆದರೂ ಸಂಕೋಚ ಆಗುತ್ತದೆ, ನನಗೆ ಗೊತ್ತು. ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಇವತ್ತು ನಾನು ಇಲ್ಲಿ ನಿಂತಿರುವುದು ಅದನ್ನು ಹೇಳುವುದಕ್ಕೇ. ವಾರಗಟ್ಟಲೆ ನಿದ್ದೆ ಇಲ್ಲದವರು, ಬೆಳಿಗ್ಗೆ ಎದ್ದು ಹಲ್ಲುಜ್ಜುವುದೇ ಬೆಟ್ಟ ಹತ್ತಿದ ಹಾಗೆ ಅನಿಸುತ್ತಿರುವವರು, ವೆಬ್‌ಸೈಟ್ ತೆಗೆದು ಸಿಆರ್‌ಆರ್ ನಂಬರ್ ಹುಡುಕುತ್ತಾರಾ? ಹುಡುಕಲಾರರು. ಯಾರಿಗೆ ಈ ಪರಿಶೀಲನೆ ಜಾಸ್ತಿ ಬೇಕೋ ಅವರಿಗೇ ಅದನ್ನು ಮಾಡುವ ಶಕ್ತಿ ಇರುವುದಿಲ್ಲ. ಆದ್ದರಿಂದ ಈ ಕೆಲಸ ಪಕ್ಕದಲ್ಲಿರುವವರದ್ದು. ಅಣ್ಣನದು, ಅಕ್ಕನದು, ಗೆಳತಿಯದು, ಒಂದೇ ರೂಮಿನಲ್ಲಿರುವ ಸ್ನೇಹಿತನದು. 'ಯಾರಿಗಾದ್ರೂ ತೋರಿಸ್ಕೋ' ಅಂತ ಹೇಳಿ ಕೈತೊಳೆದುಕೊಳ್ಳಬೇಡಿ. 'ಮೂರು ಜನರ ವಿಚಾರ ನಾನು ತಿಳಿದುಕೊಂಡಿದ್ದೇನೆ, ಇವರಿಬ್ಬರು ಸರಿ ಅನಿಸಿತು, ನಾಳೆ ನಾಲ್ಕು ಗಂಟೆಗೆ ನಾನೇ ಜೊತೆಗೆ ಬರ್ತೀನಿ' ಅನ್ನಿ. ನಮ್ಮ ವಾರ್ಡಿಗೆ ಬಂದ ಆ ಅಣ್ಣ ತಂಗಿಗೋಸ್ಕರ ಓಡಾಡಿದ್ದರು. ಏನು ನೋಡಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಫೋನ್ ಹೇಗೆ ಮಾಡುವುದು ಅಂತ ಮುಂದಿನ ಸಾಲಿನಿಂದ ಕೇಳುತ್ತಿದ್ದಾರೆ. ಒಳ್ಳೆಯ ಪ್ರಶ್ನೆ. ನಾನು ಮಾಡುವ ಫೋನ್ ಹೀಗಿರುತ್ತದೆ: 'ನಮಸ್ಕಾರ. ನಮ್ಮ ಮನೆಯವರೊಬ್ಬರಿಗೆ ನಿಮ್ಮ ಹತ್ತಿರ ಸಮಯ ಕೇಳುವ ಮೊದಲು ಎರಡು ವಿಷಯ ತಿಳಿದುಕೊಳ್ಳಬೇಕಿತ್ತು. ನೀವು ಏನು ಓದಿದ್ದೀರಿ, ಎಲ್ಲಿ ಓದಿದ್ದೀರಿ? ನಿಮ್ಮ ನೋಂದಣಿ ಇದ್ದರೆ ಎಲ್ಲಿದೆ, ನಂಬರ್ ಎಷ್ಟು?' ಇಷ್ಟೇ. ಧ್ವನಿ ಏರಿಸುವುದು ಬೇಡ, ಕ್ಷಮೆ ಕೇಳುವುದೂ ಬೇಡ. ಸರಿಯಾಗಿ ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ಒಂದು ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ. 'ನಂಬಿಕೆ ಇಲ್ಲದಿದ್ರೆ ಬರಬೇಡಿ' ಅಂತ ಯಾರಾದರೂ ಸಿಡುಕಿದರೆ, ನಿಮ್ಮ ಕೆಲಸ ಅಲ್ಲಿಗೇ ಹಗುರಾಯಿತು. ಹೋಗಬೇಡಿ.

ನೋಂದಣಿ ಇಲ್ಲದ ಆಪ್ತಸಮಾಲೋಚಕರಾದರೆ ಇನ್ನೂ ಸ್ವಲ್ಪ ಕೇಳಬೇಕು. ಯಾವ ವಿಶ್ವವಿದ್ಯಾಲಯದ ಪದವಿ? ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಪ್ರಕಟಿಸುತ್ತದೆ, ಅದರಲ್ಲಿ ಆ ಹೆಸರು ಇದೆಯಾ ನೋಡಿ. ಓದಿದ್ದು ಎರಡು ವರ್ಷವೋ, ಎರಡು ಭಾನುವಾರವೋ? ವಾರಾಂತ್ಯದ ಕೋರ್ಸಿನ ಸರ್ಟಿಫಿಕೇಟ್ ಕೂಡ ಅಷ್ಟೇ ದೊಡ್ಡ ಫ್ರೇಮಿನಲ್ಲಿ ಇರುತ್ತದೆ. ಆಮೇಲೆ ಈ ಪ್ರಶ್ನೆ ಮರೆಯಬೇಡಿ: 'ನಿಮಗೆ ಸೂಪರ್‌ವೈಸರ್ ಇದ್ದಾರಾ?' ಸೂಪರ್‌ವೈಸರ್ ಅಂದರೆ ಇಲ್ಲಿ ಹಾಜರಿ ಹಾಕುವವರಲ್ಲ. ಸಮಾಲೋಚಕರು ತಮಗೆ ದಾರಿ ಕಾಣದಾಗ, ಬಂದವರ ಗುರುತು ಬಿಟ್ಟುಕೊಡದೆ, ತಮಗಿಂತ ಹಿರಿಯರ ಹತ್ತಿರ ಕೂತು ಆ ಕೇಸಿನ ಬಗ್ಗೆ ಮಾತಾಡುತ್ತಾರೆ. ಅಂಥ ಹಿರಿಯರು. ಈ ಪ್ರಶ್ನೆಗೆ ಉತ್ತರ ಇದೆ ಅಂದರೆ ಆ ಮನುಷ್ಯರು ಒಂಟಿಯಾಗಿ, ತೋಚಿದ ಹಾಗೆ ಕೆಲಸ ಮಾಡುತ್ತಿಲ್ಲ ಅಂತ ಅರ್ಥ.

ನಾನೂ ಒಮ್ಮೆ ತಪ್ಪು ಮಾಡಿದ್ದೇನೆ. ಒಂದು ಕಾರ್ಯಾಗಾರದಲ್ಲಿ ಒಬ್ಬರು ಬಹಳ ಚೆನ್ನಾಗಿ ಮಾತಾಡಿದರು. ಕೇಳುತ್ತಾ ಕೇಳುತ್ತಾ ನನ್ನ ಕಣ್ಣೂ ತುಂಬಿತ್ತು. ಅವರ ಓದು ಏನು ಅಂತ ವಿಚಾರಿಸದೆ ಅವರ ನಂಬರನ್ನು ನನ್ನ ಸಹೋದ್ಯೋಗಿಯೊಬ್ಬರಿಗೆ ಕೊಟ್ಟೆ. ಮೂರು ತಿಂಗಳಾದ ಮೇಲೆ ಅವರು ಬಂದು ಹೇಳಿದರು: 'ನಾನು ಅಲ್ಲಿ ಹೇಳಿದ ಮಾತು ಹೆಸರು ಬದಲಾಯಿಸಿ ಅವರ ವಿಡಿಯೋದಲ್ಲಿ ಬಂದಿದೆ. ನಮ್ಮ ಮನೆಯವರು ನೋಡಿ ಗುರುತು ಹಿಡಿದರು.' ಅವರ ಮುಖ ನನಗೆ ಇವತ್ತೂ ಕಣ್ಣ ಮುಂದೆ ಇದೆ. ಚೆನ್ನಾಗಿ ಮಾತಾಡುವುದು ಬೇರೆ, ಎದುರಿಗಿರುವವರ ಮಾತನ್ನು ಕಾಪಾಡುವುದು ಬೇರೆ.

ಗುಟ್ಟು ಕಾಪಾಡುವುದು ಅವರು ನಮಗೆ ಮಾಡುವ ಉಪಕಾರವಲ್ಲ. 2017ರ ಕಾಯ್ದೆಯ 23ನೇ ಸೆಕ್ಷನ್, ಮಾನಸಿಕ ಕಾಯಿಲೆ ಇರುವವರಿಗೆ ಗೋಪ್ಯತೆ ಹಕ್ಕು ಅನ್ನುತ್ತದೆ. ಅದಕ್ಕೆ ಕೆಲವು ಮಿತಿಗಳೂ ಇವೆ. ಜೀವಕ್ಕೆ ಅಪಾಯ ಇದ್ದರೆ ಹೇಳಬೇಕಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಒಳ್ಳೆಯ ಸಮಾಲೋಚಕರು ಮೊದಲ ದಿನವೇ ಇದನ್ನೆಲ್ಲ ಹೇಳುತ್ತಾರೆ. ಏನನ್ನು ಯಾರಿಗೂ ಹೇಳುವುದಿಲ್ಲ, ಯಾವಾಗ ಹೇಳಬೇಕಾಗಬಹುದು, ಒಂದು ಸಲಕ್ಕೆ ಎಷ್ಟು ಹೊತ್ತು, ಎಷ್ಟು ಹಣ, ಬರಲಾಗದಿದ್ದರೆ ಏನು. 'ನಾನು ಯಾರಿಗೂ ಏನೂ ಹೇಳಲ್ಲ, ದೇವರಾಣೆ' ಅನ್ನುವವರಿಗಿಂತ ಈ ಮಿತಿಗಳನ್ನು ಕೂತು ವಿವರಿಸುವವರನ್ನು ನಂಬಿ.

ಮೊದಲ ಒಂದೆರಡು ಭೇಟಿಯಲ್ಲಿ ನಿಮ್ಮ ಮೈಯೇ ಕೆಲವು ವಿಷಯ ಹೇಳುತ್ತದೆ. ಮಾತಿನ ನಡುವೆ ಅವರು ತಮ್ಮ ಕಥೆಯನ್ನೇ ಹೇಳುತ್ತಿದ್ದಾರಾ? ಮುಟ್ಟುತ್ತಾರಾ? ಹೊರಗೆ ಭೇಟಿಯಾಗೋಣ ಅನ್ನುತ್ತಾರಾ? ಮನೆಯವರಿಗೆ ಹೇಳಬೇಡ ಅನ್ನುತ್ತಾರಾ? ವಾಸಿಯಾಗುತ್ತದೆ ಅಂತ ಗ್ಯಾರಂಟಿ ಕೊಡುತ್ತಾರಾ? ಇವುಗಳಲ್ಲಿ ಒಂದು ಇದ್ದರೂ ಎದ್ದು ಬನ್ನಿ. ಕಟ್ಟಿದ ದುಡ್ಡು ಹೋಗಲಿ. ವೈದ್ಯರಲ್ಲದವರು ಮಾತ್ರೆ ನಿಲ್ಲಿಸು ಅಂದರೆ, ಆ ಕೋಣೆಗೆ ಮತ್ತೆ ಕಾಲಿಡಬೇಡಿ. ಮಾತ್ರೆ ನಿಲ್ಲಿಸುವ ಮಾತನ್ನು ಅದನ್ನು ಬರೆದ ವೈದ್ಯರ ಹತ್ತಿರ ಮಾತ್ರ ಆಡಿ.

ಇನ್ನೊಂದು ಬಗೆಯೂ ಇದೆ. ಎಲ್ಲ ಸರಿ ಇರುತ್ತದೆ. ಓದು ಸರಿ, ನೋಂದಣಿ ಸರಿ, ನಡತೆ ಸರಿ. ಆದರೂ ಮನಸ್ಸು ಬಿಚ್ಚುವುದಿಲ್ಲ. ಅದು ಅವರ ತಪ್ಪಲ್ಲ, ನಿಮ್ಮದೂ ಅಲ್ಲ. ಮೂರು ನಾಲ್ಕು ಸಲ ನೋಡಿ, 'ನನಗೆ ಬೇರೆಯವರನ್ನು ಸೂಚಿಸುತ್ತೀರಾ' ಅಂತ ಅವರನ್ನೇ ಕೇಳಿ. ನಿಜವಾದ ವೃತ್ತಿಪರರು ಸೂಚಿಸುತ್ತಾರೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ: 'ಇಷ್ಟೆಲ್ಲ ನೋಡುವಷ್ಟರಲ್ಲಿ ಜೀವಕ್ಕೇ ಏನಾದ್ರೂ ಆದ್ರೆ?' ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಸಾಯುವ ಮಾತು ಆಡುತ್ತಿದ್ದರೆ, ತಮಗೇ ಏನಾದರೂ ಮಾಡಿಕೊಳ್ಳುವ ಲಕ್ಷಣ ಕಂಡರೆ, ಈ ಯಾವ ಪರಿಶೀಲನೆಯೂ ಬೇಡ. ಅವರನ್ನು ಒಬ್ಬರೇ ಬಿಡಬೇಡಿ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ, ಇಲ್ಲವೇ 112ಕ್ಕೆ ಫೋನ್ ಮಾಡಿ. ಮಾತಾಡುವುದಕ್ಕೆ 14416 ಇದೆ. ಟೆಲಿ ಮಾನಸ್ ಅಂತ ಅದರ ಹೆಸರು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ್ದು. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತುರ್ತು ಇಲ್ಲದಿದ್ದರೂ ಈ ನಂಬರಿಗೆ ಮಾಡಬಹುದು. ಸರ್ಕಾರದ ವ್ಯವಸ್ಥೆಯಲ್ಲಿ ಯಾರನ್ನು ನೋಡುವುದು ಅಂತ ಗೊತ್ತಾಗದೇ ಇದ್ದಾಗ ಅಲ್ಲಿ ಕೇಳುವುದು ಒಂದು ಒಳ್ಳೆಯ ಶುರು. ಫೀಸ್ ಕೊಡುವ ಶಕ್ತಿ ಇಲ್ಲದವರಿಗೆ ಜಿಲ್ಲಾ ಆಸ್ಪತ್ರೆ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಎಲ್ಲಿ, ಯಾವ ದಿನ ಸಿಗುತ್ತದೆ ಅಂತ ಅಲ್ಲಿ ವಿಚಾರಿಸಿ.

2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ದೊಡ್ಡವರಲ್ಲಿ 100ಕ್ಕೆ ಸುಮಾರು 10 ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಈ ಲೆಕ್ಕವನ್ನು ಯಾಕೆ ಹೇಳಿದೆ ಅಂದರೆ, ಮೋಸ ಹೋಗುವ ಭಯದಿಂದ ಯಾರೂ ಮನೆಯಲ್ಲೇ ಕೂರಬಾರದು. ನಮ್ಮ ವಾರ್ಡಿಗೆ ಬಂದಿದ್ದ ಆ ತಂಗಿ ಈಗ ಮತ್ತೆ ಕೆಲಸಕ್ಕೆ ಹೋಗುತ್ತಾಳೆ. ಮನೋವೈದ್ಯರ ಹತ್ತಿರವೂ ಬರುತ್ತಾಳೆ, ವಾರಕ್ಕೊಮ್ಮೆ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರವೂ ಹೋಗುತ್ತಾಳೆ. ಈ ಸಲ ಅವಳ ಅಣ್ಣ ನನ್ನ ಮೇಜಿನ ಎದುರು ಕೂತು, ಫೋನಿನಲ್ಲಿ ಹೆಸರು ಹುಡುಕಿ, ವೃತ್ತಿಯ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ ಎದ್ದು ಹೊರಗೆ ಹೋಗಿ ಸಮಯ ಕೇಳಿದರು.

ನಿಮ್ಮಲ್ಲಿ ಯಾರ ಪರ್ಸಿನಲ್ಲಾದರೂ ಇಂಥ ಕಾರ್ಡ್ ಇದ್ದರೆ ಈಗಲೇ ತೆಗೆಯಿರಿ. ನಾನು ಇನ್ನೂ ಅರ್ಧ ಗಂಟೆ ಇಲ್ಲೇ ಇರುತ್ತೇನೆ. ಕೂತು ಒಟ್ಟಿಗೇ ಹುಡುಕೋಣ.